ಅಮ್ಮನ ಜೊತೆ ಸ್ಪಿತಿಗೆ: ಮನಾಲಿ ಕಡೆಯಿಂದಲಾ, ಶಿಮ್ಲಾ ಕಡೆಯಿಂದಲಾ?

ಪ್ರಶ್ನೆ:
ಸೆಪ್ಟೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಹಿಮಾಚಲದ ಸ್ಪಿತಿ ಕಣಿವೆಗೆ ಹೊರಟಿದ್ದೇನೆ. ಅಮ್ಮನಿಗೆ 61 ವರ್ಷ, ಮಂಡಿನೋವು ಬಿಟ್ಟರೆ ಗಟ್ಟಿ. ತಾಬೋ, ಕೀ, ಧನಕರ್ ಬೌದ್ಧ ಮಠಗಳನ್ನು ನೋಡಬೇಕು, ಯಾರದಾದರೂ ಹಳ್ಳಿಮನೆಯಲ್ಲಿ ಎರಡು ರಾತ್ರಿ ಇರಬೇಕು ಅಂತ ಆಸೆ. ಇರೋದು ಏಳೇ ದಿನ. ಮನಾಲಿಯಿಂದ ಹೊರಟರೆ ಒಂದೇ ದಿನಕ್ಕೆ ಸ್ಪಿತಿಯ ಮುಖ್ಯ ಊರು ಕಾಜಾ ಮುಟ್ಟಬಹುದಂತೆ. ಹಾಗೇ ಮಾಡಲಾ?

ಉತ್ತರ 1:
ಬೇಡ. ನಾನು ಹಾಗೆ ಹೋಗಿಯೇ ಕೆಟ್ಟೆ.

ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ. ದಾರಿಯಲ್ಲಿ ಸಿಗುವ ಕುಂಜುಮ್ ಪಾಸ್ 4,500 ದಾಟುತ್ತದೆ. ಮಾರನೇ ದಿನವೇ ಹುಮ್ಮಸ್ಸಿನಲ್ಲಿ ಲಾಂಗ್ಜಾ ಹಳ್ಳಿಗೆ ಹೋದೆ, ಅದೂ 4,400. ತಲುಪಿದಾಗ ಕತ್ತಲು. ಊಟದ ಹೊತ್ತಿಗೆ ತಲೆ ಸಿಡಿಯತೊಡಗಿತು. ಮನೆಯ ಅಜ್ಜಿ ಒಲೆಗೆ ಬೆರಣಿ ತುರುಕಿ ಬೆಳ್ಳುಳ್ಳಿ ಸೂಪ್ ಮಾಡಿಕೊಟ್ಟರು. ಎರಡು ಗುಟುಕು ಕುಡಿದೆ, ಎರಡೂ ವಾಪಸ್ ಬಂದವು. ಅಜ್ಜಿ ಬಕೆಟ್ ತಂದಿಟ್ಟು, ಕೈ ಆಡಿಸಿ ಕೆಳಗೆ ಇಳಿ ಅಂತ ಸನ್ನೆ ಮಾಡಿದರು. ಬೆಳಕು ಹರಿಯುತ್ತಲೇ ಇಳಿದೆವು. ಆ ಊರಿನ ದೊಡ್ಡ ಬುದ್ಧನ ಮೂರ್ತಿಯನ್ನು ನಾನು ನೋಡಿದ್ದು ಜೀಪಿನ ಹಿಂದಿನ ಗಾಜಿನಲ್ಲಿ.

ಎರಡನೇ ಸಲ ಶಿಮ್ಲಾ ಕಡೆಯಿಂದ ಹೋದೆ. ಕಲ್ಪಾ, ನಾಕೋ, ತಾಬೋ ಅಂತ ನಿಂತು ನಿಂತು. ದಿನ ಜಾಸ್ತಿ ಬೇಕು, ಆದರೆ ಮೈ ಎತ್ತರಕ್ಕೆ ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ಎರಡು ದಿನ ಹೆಚ್ಚಿಗೆ ರಜೆ ಕೇಳಿ ನೋಡಿ.

ಅಮ್ಮನಿಗೆ ತಾಬೋನೇ ಸರಿ. 3,200 ಚಿಲ್ಲರೆ ಮೀಟರ್. ಮಠ ಸಮತಟ್ಟು ಜಾಗದಲ್ಲಿದೆ, ಬೆಟ್ಟ ಹತ್ತುವ ಕಾಟ ಇಲ್ಲ. 996ರಲ್ಲಿ ಕಟ್ಟಿದ್ದು, ಹೊರಗಿನಿಂದ ಸುಮ್ನೆ ಮಣ್ಣಿನ ದಿಬ್ಬದ ಹಾಗಿದೆ. ಒಳಗೆ ಹೋದ ಕೂಡಲೇ ಏನೂ ಕಾಣುವುದಿಲ್ಲ. ಫೋಟೋ ತೆಗೆಯುವ ಹಾಗಿಲ್ಲ (ಒಳ್ಳೇದೇ ಆಯ್ತು). ಸುಮ್ಮನೆ ಕೂತುಬಿಡಿ, ಗೋಡೆಗೆ ಮಾತ್ರ ಒರಗಬೇಡಿ, ತುಂಬ ಚಿತ್ರಗಳಿವೆ. ಸ್ವಲ್ಪ ಹೊತ್ತಿಗೆ ಕಣ್ಣು ಪಳಗುತ್ತದೆ. ಆಗ ನಮ್ಮ ತಲೆಗಿಂತ ಮೇಲೆ, ಗೋಡೆಯಿಂದಲೇ ಹೊರಬಂದು ಕೂತಂತೆ, ಮಣ್ಣಿನ ಮೂರ್ತಿಗಳು ಒಂದೊಂದಾಗಿ ಕಾಣತೊಡಗುತ್ತವೆ. ಮೂವತ್ತಕ್ಕೂ ಹೆಚ್ಚಿವೆ. ನಾನು ಹನ್ನೊಂದರವರೆಗೆ ಎಣಿಸಿ ಬಿಟ್ಟುಬಿಟ್ಟೆ.

ಎತ್ತರದ ಹಳ್ಳಿಗಳಾದ ಲಾಂಗ್ಜಾ, ಹಿಕ್ಕಿಂ, ಕೋಮಿಕ್‌ಗೆ ಹಗಲು ಹೋಗಿ ಬನ್ನಿ, ಮಲಗೋಕೆ ಕೆಳಗೆ ಇಳಿದುಬಿಡಿ.

ಉತ್ತರ 2:
ಮಂಡಿನೋವು ಅಂದಿರಲ್ಲ, ಒಂದು ಮಾತು. ಹಳೇ ಹಳ್ಳಿಮನೆಗಳಲ್ಲಿ ಇರೋದು ಒಣ ಟಾಯ್ಲೆಟ್. ಮಣ್ಣಿನ ನೆಲದಲ್ಲಿ ಒಂದು ತೂತು, ಪಕ್ಕದಲ್ಲಿ ಸಲಿಕೆ. ಕುಕ್ಕುರುಗಾಲಲ್ಲಿ ಕೂರಬೇಕು, ಆಮೇಲೆ ಒಂದು ಸಲಿಕೆ ಮಣ್ಣು ಹಾಕಬೇಕು. ನೀರು ಸುರಿಯಬಾರದು, ಅದೇ ಮುಂದೆ ಹೊಲಕ್ಕೆ ಗೊಬ್ಬರ. ಕಮೋಡ್ ಇದೆಯಾ ಅಂತ ಮೊದಲೇ ಕೇಳಿ.

ಧನಕರ್ ಹಳೇ ಮಠದ್ದು ಇಕ್ಕಟ್ಟು ಮೆಟ್ಟಿಲು. ಅಮ್ಮ ಹೊರಗೆ ಬಿಸಿಲಲ್ಲಿ ಕೂತು ಕಣಿವೆ ನೋಡಲಿ. ದಾರಿಯಲ್ಲಿ ಮಂತ್ರ ಕೆತ್ತಿದ ಕಲ್ಲಿನ ಗೋಡೆ ಸಿಕ್ಕರೆ ಅದು ನಿಮ್ಮ ಬಲಕ್ಕೆ ಬರುವ ಹಾಗೆ ನಡೆಯಿರಿ, ನಮ್ಮ ಪ್ರದಕ್ಷಿಣೆಯ ಹಾಗೇ.

ಪ್ರಶ್ನೆ ಕೇಳಿದವರು:
ಟಾಯ್ಲೆಟ್ ವಿಷಯ ಹೊಳೆದೇ ಇರಲಿಲ್ಲ! ಶಿಮ್ಲಾ ಕಡೆಯಿಂದಲೇ ಹೋಗ್ತೀವಿ, ರಜೆಗೆ ಅರ್ಜಿ ಹಾಕಿದೆ. ಎತ್ತರದ ಜಾಗದ ತಲೆನೋವು, ವಾಂತಿ ತಡೆಯೋಕೆ ತಗೊಳ್ಳೋ ಡಯಾಮಾಕ್ಸ್ ಮಾತ್ರೆ ಬೇಕಾ?

ಉತ್ತರ 1 ಕೊಟ್ಟವರು:
ಡಾಕ್ಟರನ್ನು ಕೇಳಿಯೇ ತಗೊಳ್ಳಿ, ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಮೊದಲೇ ಹೇಳಿ. ಮಾತ್ರೆ ನುಂಗಿದ್ದೀವಿ ಅಂತ ತಲೆನೋವು ಇಟ್ಟುಕೊಂಡು ಮೇಲೆ ಹತ್ತಬೇಡಿ. ಇನ್ನೊಂದು, ಅದನ್ನು ತಗೊಂಡರೆ ರಾತ್ರಿ ಮೂರು ಸಲ ಏಳಬೇಕಾಗುತ್ತೆ. ಆ ಸಲಿಕೆ ಟಾಯ್ಲೆಟ್ ನೆನಪಿರಲಿ.