ನನ್ನ ಮಷೀನಿನಲ್ಲಿ ಬಿಲ್ಡ್ ಆಗುತ್ತೆ, ರೋಬೋಟ್ ಯಾಕೆ ಬೇಡ ಅನ್ನುತ್ತೆ? (ಲಿನಕ್ಸ್ ಕರ್ನಲ್ ಪ್ರಶ್ನೋತ್ತರ)

ಪ್ರಶ್ನೆ: ನಮಸ್ಕಾರ ಸರ್. ಒಂದು ಸೆನ್ಸರ್ ಡ್ರೈವರ್‌ಗೆ ಆರು ಪ್ಯಾಚ್‌ಗಳ (ಕೋಡ್ ಬದಲಾವಣೆಗಳ) ಸರಣಿ ಕಳಿಸಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ವಾರ್ನಿಂಗ್ ಕೂಡ ಬಂದಿರಲಿಲ್ಲ. ಮರುದಿನ ಕರ್ನಲ್ ಟೆಸ್ಟ್ ರೋಬೋಟ್‌ನಿಂದ ಮೇಲ್ ಬಂತು. ಮೂರನೇ ಪ್ಯಾಚ್ ಹಾಕಿದ ಮೇಲೆ 32-ಬಿಟ್ ಎಕ್ಸ್86ನಲ್ಲಿ ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಯುಡಿವ್‌ಡಿಐ3’ ಅಂತೆ. ಆ ಹೆಸರಿನ ಫಂಕ್ಷನ್ ನಾನು ಎಲ್ಲೂ ಕರೆದೇ ಇಲ್ಲ. ತಪ್ಪು ರೋಬೋಟ್‌ದಾ, ನನ್ನದಾ?

ಉತ್ತರ: ರೋಬೋಟ್ ಹೇಳಿದ್ದು ಸರಿ ಇದೆ. ನೀವು ಕರೆದಿಲ್ಲ, ಕಂಪೈಲರ್ ಕರೆದಿದೆ. ಆ ಪ್ಯಾಚ್‌ನಲ್ಲಿ ಎಲ್ಲೋ ಒಂದು 64-ಬಿಟ್ ಸಂಖ್ಯೆಯನ್ನು ಸುಮ್ನೆ ‘/’ ಹಾಕಿ ಭಾಗಿಸಿದ್ದೀರಿ. ನ್ಯಾನೋಸೆಕೆಂಡ್ ಲೆಕ್ಕ ಇರುವ ಕಡೆ ಮೊದಲು ನೋಡಿ, ಜಾಸ್ತಿ ಅಲ್ಲೇ ಸಿಗುತ್ತದೆ. 64-ಬಿಟ್ ಪ್ರೊಸೆಸರ್‌ಗೆ ಆ ಭಾಗಾಕಾರ ಒಂದೇ ಇನ್‌ಸ್ಟ್ರಕ್ಷನ್. 32-ಬಿಟ್‌ನಲ್ಲಿ ಹಾಗಲ್ಲ. ಅಲ್ಲಿ ಜಿಸಿಸಿ ಕಂಪೈಲರ್ ತನ್ನ ಲೈಬ್ರರಿಯ ಸಹಾಯಕ ಫಂಕ್ಷನ್ ಒಂದನ್ನು ಕರೆಯುತ್ತದೆ. ಕರ್ನಲ್ ಆ ಲೈಬ್ರರಿಯನ್ನು ಲಿಂಕ್ ಮಾಡಿಕೊಳ್ಳುವುದಿಲ್ಲ. ಹಾಗಾಗಿ ಕೋಡ್ ತುಣುಕುಗಳನ್ನು ಜೋಡಿಸುವ ಲಿಂಕರ್ ಕೈಚೆಲ್ಲುತ್ತದೆ.

ಭಾಜಕ 32-ಬಿಟ್ ಆಗಿದ್ದರೆ ಕರ್ನಲ್‌ನದೇ ಡಿವ್_ಯು64 ಫಂಕ್ಷನ್ ಬಳಸಿ, ಅದೂ 64-ಬಿಟ್ ಆಗಿದ್ದರೆ ಡಿವ್64_ಯು64. ಎರರ್ ಹೋದರೆ ಸಾಕು ಅಂತ 32-ಬಿಟ್‌ಗೆ ಕಾಸ್ಟ್ (ಬಲವಂತದ ಪರಿವರ್ತನೆ) ಮಾತ್ರ ಮಾಡಬೇಡಿ. 32 ಬಿಟ್‌ನಲ್ಲಿ ನ್ಯಾನೋಸೆಕೆಂಡ್ ಹಿಡಿಸುವುದು ಸುಮಾರು 4.29 ಸೆಕೆಂಡಿನಷ್ಟು. ಆಮೇಲೆ ಲೆಕ್ಕ ಸದ್ದಿಲ್ಲದೆ ತಪ್ಪುತ್ತದೆ. ಬಿಲ್ಡ್ ಎರರ್‌ಗಿಂತ ಅದು ಕೆಟ್ಟದ್ದು.

ರೋಬೋಟ್ ಬಗ್ಗೆ ಎರಡು ಮಾತು. ಇದನ್ನು ನಡೆಸುವುದು ಇಂಟೆಲ್. ಮೇಲಿಂಗ್ ಲಿಸ್ಟ್‌ಗೆ ಬಂದ ಪ್ಯಾಚ್‌ಗಳನ್ನು ಎತ್ತಿಕೊಂಡು ಬೇರೆಬೇರೆ ಆರ್ಕಿಟೆಕ್ಚರ್‌ಗಳಲ್ಲಿ, ಯದ್ವಾತದ್ವಾ ಆರಿಸಿದ ಕಾನ್ಫಿಗ್‌ಗಳಲ್ಲೂ (ಬಿಲ್ಡ್ ಸೆಟ್ಟಿಂಗ್‌ಗಳಲ್ಲೂ) ಬಿಲ್ಡ್ ಮಾಡುತ್ತದೆ. ನಿಮ್ಮ ಸರಣಿ ಯಾವ ಕಮಿಟ್ (ಕೋಡ್ ಇತಿಹಾಸ ಇಡುವ ಗಿಟ್‌ನಲ್ಲಿ ದಾಖಲಾದ ಬದಲಾವಣೆ) ಮೇಲೆ ಕೂತಿದೆ ಎಂದು ನೀವು ಹೇಳದಿದ್ದರೆ ಅದೇ ಊಹಿಸುತ್ತದೆ. ಊಹೆ ತಪ್ಪಿದರೆ ರಿಪೋರ್ಟೂ ತಪ್ಪಬಹುದು. ಅದಕ್ಕೇ ಗಿಟ್ ಫಾರ್ಮ್ಯಾಟ್-ಪ್ಯಾಚ್‌ಗೆ ‘ಬೇಸ್’ ಆಯ್ಕೆ ಕೊಟ್ಟು ಕಳಿಸಿ. ರೋಬೋಟ್ ಬಳಸಿದ ಕಾನ್ಫಿಗ್‌ನ ಲಿಂಕ್ ಮೇಲ್‌ನಲ್ಲೇ ಇರುತ್ತದೆ. ಅದೇ ಕಾನ್ಫಿಗ್ ಇಟ್ಟು ನಿಮ್ಮಲ್ಲಿ ಎರರ್ ಬರಿಸಿಕೊಳ್ಳಿ, ಆಮೇಲೆ ತಿದ್ದಿ.

ಇನ್ನೊಂದು. ಆ ಮೇಲ್‌ನಲ್ಲಿ ‘ರಿಪೋರ್ಟೆಡ್-ಬೈ’ ಸಾಲು ಇರುತ್ತದಲ್ಲ, ಅದನ್ನು ಎರಡನೇ ಆವೃತ್ತಿಗೆ ಅಂಟಿಸಬೇಡಿ. ಬೇರೆಯದೇ ಪ್ಯಾಚ್ ಆಗಿ ಸರಿಪಡಿಸಿದರೆ ಮಾತ್ರ ಅದು ಬೇಕು ಎಂದು ಅಲ್ಲೇ ಬರೆದಿರುತ್ತದೆ. ಯಾರೂ ಓದುವುದಿಲ್ಲ.

ಪ್ರಶ್ನೆ: ಸಿಕ್ತು ಸರ್, ಟೈಮ್‌ಸ್ಟ್ಯಾಂಪ್ ಲೆಕ್ಕದಲ್ಲೇ ಇತ್ತು. ಏಳನೇ ಪ್ಯಾಚ್ ಒಂದು ಸೇರಿಸಿ ಸರಿ ಮಾಡಿದರೆ ಆಗಲ್ವಾ? ಕೊನೆಗೆ ಎಲ್ಲ ಒಟ್ಟಿಗೇ ತಾನೇ ಸೇರುವುದು?

ಉತ್ತರ: ಆಗುವುದಿಲ್ಲ. ಸೇರುವುದು ಒಟ್ಟಿಗೇ, ಆದರೆ ಮುಂದೆ ಹುಡುಕುವವರು ಒಂದೊಂದನ್ನೇ ಬಿಚ್ಚಿ ನೋಡುತ್ತಾರೆ. ನಾಳೆ ಯಾರದ್ದೋ ಹಳೇ 32-ಬಿಟ್ ಕಂಪ್ಯೂಟರ್‌ನಲ್ಲಿ ಸೌಂಡ್ ನಿಂತುಹೋಗುತ್ತದೆ ಅಂದುಕೊಳ್ಳಿ. ಹಿಂದಿನ ಆವೃತ್ತಿಯಲ್ಲಿ ಸರಿ ಇತ್ತು. ಮಧ್ಯೆ ಹದಿನೈದು ಸಾವಿರ ಕಮಿಟ್ ಇದ್ದರೂ ಗಿಟ್ ಬೈಸೆಕ್ಟ್‌ನಿಂದ ಹದಿನಾಲ್ಕು ಸಲ ಬಿಲ್ಡ್ ಮಾಡಿ ಪರೀಕ್ಷಿಸಿದರೆ ತಪ್ಪಿತಸ್ಥ ಕಮಿಟ್ ಸಿಗುತ್ತದೆ. ಪ್ರತಿ ಸಲವೂ ಅರ್ಧ ಕೈಬಿಡುತ್ತಾ ಹೋಗುವುದು. ಹಾಗೆ ಹೋಗುವಾಗ ಅವರು ನಿಮ್ಮ ನಾಲ್ಕನೇ ಪ್ಯಾಚ್ ಮೇಲೆ ಬಂದು ನಿಂತರೆ? ಬಿಲ್ಡೇ ಆಗದು. ನಿಮ್ಮ ಸೆನ್ಸರ್‌ಗೂ ಅವರ ಸೌಂಡ್‌ಗೂ ಏನೂ ಸಂಬಂಧವಿಲ್ಲ, ಆದರೂ ಸಿಕ್ಕಿಹಾಕಿಕೊಂಡರು. ‘ಸ್ಕಿಪ್’ ಮಾಡಬಹುದು, ನಿಜ. ಆದರೆ ಹಾಗೆ ಬಿಟ್ಟದ್ದು ಜಾಸ್ತಿಯಾದರೆ ಕೊನೆಗೆ ‘ಇವುಗಳಲ್ಲಿ ಯಾವುದೋ ಒಂದು’ ಎಂದು ಪಟ್ಟಿ ಕೈಗೆ ಬರುತ್ತದೆ, ಅಷ್ಟೇ.

ಮೂರನೆಯದನ್ನೇ ತಿದ್ದಿ. ಪ್ಯಾಚ್‌ಗಳನ್ನು ಮತ್ತೆ ಒಂದೊಂದಾಗಿ ಹಾಕುವ ಗಿಟ್ ರೀಬೇಸ್‌ಗೆ ‘ಎಕ್ಸೆಕ್’ ಆಯ್ಕೆ ಇದೆ. ಅದಕ್ಕೆ ಮೇಕ್ ಕಮಾಂಡ್ ಕೊಟ್ಟರೆ ಒಂದೊಂದು ಪ್ಯಾಚ್ ಹಾಕಿದ ಮೇಲೂ ಬಿಲ್ಡ್ ಮಾಡಿ, ಕೆಟ್ಟ ಕಡೆ ನಿಲ್ಲುತ್ತದೆ. ಕಳಿಸುವ ಮುಂಚೆ ಒಮ್ಮೆ 64-ಬಿಟ್‌ಗೆ, ಒಮ್ಮೆ 32-ಬಿಟ್‌ಗೆ ಹೀಗೆ ಓಡಿಸಿ.

ಪ್ರಶ್ನೆ (ಬೇರೆಯವರು): ಅಣ್ಣಾ, ನಡುವೆ ಬಾಯಿ ಹಾಕ್ತಿದ್ದೇನೆ. ಹತ್ತಾರು ಸಬ್‌ಸಿಸ್ಟಮ್‌ಗಳು ಬಳಸುವ ಫಂಕ್ಷನ್‌ನ ರೂಪವನ್ನೇ ಬದಲಿಸಬೇಕಾದರೆ? ಸಬ್‌ಸಿಸ್ಟಮ್ ನೋಡಿಕೊಳ್ಳುವ ಒಬ್ಬೊಬ್ಬ ಮೇಂಟೇನರ್‌ದು ಒಂದೊಂದು ಟ್ರೀ (ಕೋಡ್‌ನ ಸ್ವಂತ ಪ್ರತಿ). ಯಾವ ಪ್ಯಾಚ್ ಮೊದಲು ಹೋದರೂ ಇನ್ನೊಂದು ಕಡೆ ಬಿಲ್ಡ್ ಒಡೆಯುತ್ತದಲ್ಲ?

ಉತ್ತರ: ಒಡೆಯದ ಹಾಗೆ ಮಾಡಿದ ಒಂದು ಕೆಲಸ ಹೇಳುತ್ತೇನೆ. ಪ್ಲಾಟ್‌ಫಾರ್ಮ್ ಡ್ರೈವರ್‌ಗಳ ‘ರಿಮೂವ್’ ಕಾಲ್‌ಬ್ಯಾಕ್ (ಡಿವೈಸ್ ತೆಗೆಯುವಾಗ ಕರ್ನಲ್ ಕರೆಯುವ ಫಂಕ್ಷನ್) ಹಿಂದೆ ಒಂದು ಸಂಖ್ಯೆ ಹಿಂತಿರುಗಿಸುತ್ತಿತ್ತು. ಎರರ್ ಕೊಟ್ಟರೆ ಡಿವೈಸ್ ತೆಗೆಯುವುದು ನಿಲ್ಲುತ್ತದೆ ಎಂದು ಬರೆದವರು ನಂಬಿದ್ದರು. ನಿಲ್ಲುತ್ತಿರಲಿಲ್ಲ. ಡಿವೈಸ್ ಹೋಗಿಯೇ ಹೋಗುತ್ತಿತ್ತು, ಬಿಡಬೇಕಾದ ಮೆಮೊರಿ ಹಾಗೇ ಉಳಿಯುತ್ತಿತ್ತು. ಹಾಗಾಗಿ ಅದನ್ನು ವಾಯ್ಡ್ (ಏನೂ ಹಿಂತಿರುಗಿಸದಂತೆ) ಮಾಡಬೇಕಿತ್ತು. ಆದರೆ ಡ್ರೈವರ್‌ಗಳು ಸಾವಿರಕ್ಕೂ ಹೆಚ್ಚು.

2023ರಲ್ಲಿ ಹಳೆಯದನ್ನು ಮುಟ್ಟದೆ ಪಕ್ಕದಲ್ಲಿ ‘ರಿಮೂವ್_ನ್ಯೂ’ ಇಟ್ಟರು. ಡ್ರೈವರ್‌ಗಳು ಅವರವರ ಟ್ರೀಯಲ್ಲಿ, ಅವರವರ ವೇಗದಲ್ಲಿ ಅದಕ್ಕೆ ಬದಲಾದವು. ಎಲ್ಲ ಮುಗಿದ ಮೇಲೆ, 2024ರಲ್ಲಿ ಬಂದ 6.11ರಲ್ಲಿ ‘ರಿಮೂವ್’ ಅನ್ನೇ ವಾಯ್ಡ್ ಮಾಡಿದರು. ಆಗಲೂ ಕೆಲ ಕಾಲ ಎರಡೂ ಹೆಸರು ನಡೆಯುತ್ತಿದ್ದವು. ದಾರಿಯಲ್ಲಿದ್ದ ಪ್ಯಾಚ್‌ಗಳು ಒಡೆಯಬಾರದಲ್ಲ. ಆಮೇಲೆ ಡ್ರೈವರ್‌ಗಳು ಹಳೇ ಹೆಸರಿಗೇ ವಾಪಸ್. ಎರಡು ಸಲ ಮುಟ್ಟಬೇಕಾಯಿತಲ್ಲ ಎಂದು ಗೊಣಗಿದವರಿದ್ದರೆ ತಪ್ಪಿಲ್ಲ. ಆದರೆ ಮಧ್ಯದ ಯಾವ ದಿನ ನೋಡಿದರೂ ಕರ್ನಲ್ ಬಿಲ್ಡ್ ಆಗುತ್ತಿತ್ತು. ನನ್ನ ಮಟ್ಟಿಗೆ ಆ ಗೊಣಗಾಟ ಅಗ್ಗದ ಬೆಲೆ.

ಎರಡೇ ಟ್ರೀ ಆದರೆ ಇಷ್ಟೆಲ್ಲ ಬೇಡ. ಒಬ್ಬ ಮೇಂಟೇನರ್ ಆ ಪ್ಯಾಚ್‌ಗಳನ್ನಷ್ಟೇ ಒಂದು ಬೇರೆ ಬ್ರಾಂಚ್‌ನಲ್ಲಿಟ್ಟು, ಇನ್ನು ಇದನ್ನು ರೀಬೇಸ್ ಮಾಡುವುದಿಲ್ಲ ಎಂದು ಮಾತು ಕೊಡುತ್ತಾರೆ. ಇಬ್ಬರೂ ಅದನ್ನೇ ಪುಲ್ ಮಾಡಿಕೊಳ್ಳುತ್ತಾರೆ. ಕಮಿಟ್ ಒಂದೇ ಆದ್ದರಿಂದ ಮರ್ಜ್‌ನಲ್ಲಿ ತಕರಾರಿಲ್ಲ. ಇಷ್ಟಾದರೂ ತಪ್ಪಿಸಿಕೊಂಡದ್ದನ್ನು ಹಿಡಿಯಲು ಲಿನಕ್ಸ್-ನೆಕ್ಸ್ಟ್ ಇದೆ. 2008ರಿಂದ ನೂರಾರು ಟ್ರೀಗಳನ್ನು ಕೆಲಸದ ದಿನಗಳಲ್ಲಿ ಒಟ್ಟಿಗೆ ಮರ್ಜ್ ಮಾಡಿ ಬಿಲ್ಡ್ ಮಾಡುತ್ತಾ ಬಂದಿದ್ದಾರೆ. ಜಗಳ ಅಲ್ಲೇ ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ಕೊನೇದು ಸರ್. ಎರಡನೇ ಆವೃತ್ತಿ ಈಗಲೇ ಕಳಿಸಲಾ? ಮರ್ಜ್ ವಿಂಡೋ ಶುರುವಾಗಿದೆ ಅಂತಿದ್ದಾರೆ.

ಉತ್ತರ: ತಡೆಯಿರಿ. ಹೊಸ ಆವೃತ್ತಿಗೆ ಬದಲಾವಣೆಗಳನ್ನು ಸೇರಿಸಿಕೊಳ್ಳುವ ಆ ಎರಡು ವಾರ ಮೇಂಟೇನರ್‌ಗಳಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಕಳಿಸಿದರೆ ಮೇಲ್ ರಾಶಿಯಲ್ಲಿ ಹೂತುಹೋಗುತ್ತದೆ. ಆಮೇಲೆ ಬರುವ ಮೊದಲ ಪರೀಕ್ಷಾ ಆವೃತ್ತಿ, ಆರ್‌ಸಿ1, ಬರಲಿ. ಅದರ ಮೇಲೆ ರೀಬೇಸ್ ಮಾಡಿ, ಹಳೇ ಥ್ರೆಡ್‌ಗೆ ಉತ್ತರವಾಗಿ ಹಾಕದೆ ಹೊಸ ಥ್ರೆಡ್ ಆಗಿ ಕಳಿಸಿ. ಏನು ಬದಲಾಯಿತು ಎಂದು ಕವರ್ ಲೆಟರ್‌ನಲ್ಲಿ ಬರೆಯಿರಿ, ಹಳೇ ಥ್ರೆಡ್‌ನ ಲಿಂಕ್ ಕೊಡಿ.