ರಘುವಿನ ತೊಟ್ಟಿಯ ಸಿಗಡಿ: ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನದ ವಾದ

ರಘು (ಶನಿವಾರ, ರಾತ್ರಿ 8.12): ಮಿತ್ರರೇ, ಮೇಲಿನ ಫೋಟೊ ನಮ್ಮ ಮನೆಯ ಅಕ್ವೇರಿಯಂನದು. ಎರಡು ತಿಂಗಳ ಹಿಂದೆ ಮಗಳಿಗಾಗಿ ಹತ್ತು ಕೆಂಪು ಚೆರ್ರಿ ಸಿಗಡಿಗಳನ್ನು ತಂದಾಗ, ಪಾಚಿ ತಿನ್ನುತ್ತವೆ ಎಂದು ಅಂಗಡಿಯವರು ‘ಅಮಾನೊ’ ಹೆಸರಿನಲ್ಲಿ ಮೂರು ಪಾರದರ್ಶಕ ಸಿಗಡಿಗಳನ್ನೂ ಕೊಟ್ಟಿದ್ದರು. ಆ ಮೂರರಲ್ಲಿ ಒಂದು ಈಗ ನಾಲ್ಕು ಸೆಂಟಿಮೀಟರ್ ದಾಟಿದೆ, ಚೆರ್ರಿಗಳು ಹತ್ತರಿಂದ ಆರಕ್ಕೆ ಇಳಿದಿವೆ. ಪ್ರಾಣಿಶಾಸ್ತ್ರ ಓದಿದವರು ಇಷ್ಟು ಜನ ಇದ್ದೀರಿ, ಇದು ನಿಜವಾಗಿ ಯಾವ ಜಾತಿ ಎಂದು ಹೇಳಿ. ಮೊಬೈಲಿನ ಆ್ಯಪ್ ಕೂಡ ಅಮಾನೊ ಎಂದೇ ತೋರಿಸುತ್ತಿದೆ.

ಮಂಜುನಾಥ, ಸಾಗರ (8.20): ಇದು ಅಮಾನೊ ಅಲ್ಲ, ನಮ್ಮ ಹೊಳೆಯ ಸಿಗಡಿ. ಎರಡನೆಯ ವರ್ಷದ ಪ್ರಾಕ್ಟಿಕಲ್‌ಗೆ ಬೈರಾಸಿನಲ್ಲಿ ಸೋಸಿ ತಂದಿದ್ದೆವಲ್ಲ, ಅದೇ ಕ್ಯಾರಿಡಿನಾ. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಆ ಕುಲದ ಹಲವು ಜಾತಿಗಳಿವೆ.

ವೀಣಾ (8.31): ಹೊರಗಿನಿಂದ ಬಂದ ಜಾತಿಯೇ ಆಗಬೇಕೆಂದಿಲ್ಲವಲ್ಲ, ತೊಟ್ಟಿಯಲ್ಲೇ ಹುಟ್ಟಿದ ಚೆರ್ರಿ ಮರಿಯೂ ಇರಬಹುದು. ಚೆರ್ರಿ ಎಂಬುದು ಆಯ್ದು ಬೆಳೆಸಿದ ಬಣ್ಣವಷ್ಟೆ; ಚೀನಾ, ತೈವಾನ್ ಕಡೆಯ ಅದರ ಮೂಲ ಜಾತಿ ಕಂದು ಬಣ್ಣದ್ದು. ಬೇರೆ ಬೇರೆ ಬಣ್ಣದವು ಬೆರೆತರೆ ಮರಿಗಳು ಮತ್ತೆ ಮಾಸಲು ಬಣ್ಣಕ್ಕೆ ತಿರುಗುತ್ತವೆ.

ಶಶಿಕಲಾ, ಕುಂದಾಪುರ (8.47): ವೀಣಾ ಹೇಳಿದ್ದು ಸರಿಯಾದರೂ ಈ ಪ್ರಾಣಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಎರಡು ತಿಂಗಳಲ್ಲಿ ಹುಟ್ಟಿದ ಚೆರ್ರಿ ಮರಿ ನಾಲ್ಕು ಸೆಂಟಿಮೀಟರ್ ಬೆಳೆಯಲಾರದು. ಇನ್ನು ಅಮಾನೊ ಎಂದರೆ ಕ್ಯಾರಿಡಿನಾ ಮಲ್ಟಿಡೆಂಟಾಟಾ. ಹಿಂದೆ ಅದನ್ನು ಜಪೋನಿಕಾ ಎಂದು ಕರೆಯುತ್ತಿದ್ದರು. ಜಪಾನಿನ ತಕಾಶಿ ಅಮಾನೊ 1980ರ ದಶಕದಲ್ಲಿ ಪಾಚಿ ತಿನ್ನಿಸಲು ತಮ್ಮ ತೊಟ್ಟಿಗಳಲ್ಲಿ ಬಳಸಿದ್ದರಿಂದ ಈಗಿನ ಹೆಸರು ಬಂತು. ಅದರ ಪಕ್ಕೆಯಲ್ಲಿ ಸಾಲುಸಾಲಾಗಿ ಕೆಂಗಂದು ಚುಕ್ಕೆಗಳೋ ಗೆರೆಯ ತುಂಡುಗಳೋ ಇರುತ್ತವೆ. ರಘುವಿನ ಸಿಗಡಿಯ ಮೈ ಗಾಜಿನ ಹಾಗೆ ಖಾಲಿಯಾಗಿದೆ.

ರಘು (8.55): ಫ್ಲ್ಯಾಶ್ ಬೆಳಕಿನಲ್ಲಿ ಚುಕ್ಕೆಗಳು ಮಸುಕಾಗಿರಬಹುದು. ಆ್ಯಪ್ ಸುಮ್ಮನೆ ಹೇಳುತ್ತದೆಯೇ?

ಶಶಿಕಲಾ (9.03): ಆ್ಯಪ್ ಅಂಗಡಿಯವರ ಚಿತ್ರಗಳನ್ನು ನೋಡಿ ಕಲಿತಿದ್ದರೆ ಅಂಗಡಿಯವರ ತಪ್ಪನ್ನೂ ಕಲಿತಿರುತ್ತದೆ. ಬಣ್ಣವನ್ನು ಬಿಟ್ಟು ಕಾಲು ನೋಡಿ. ಕ್ಯಾರಿಡಿನಾ, ಚೆರ್ರಿ, ಅಮಾನೊ ಮೂರೂ ಅಟಿಯಿಡೀ ಕುಟುಂಬದವು. ಅವುಗಳ ಮೊದಲ ಎರಡು ಜೊತೆ ಕಾಲುಗಳ ತುದಿಯ ಇಕ್ಕುಳಗಳಲ್ಲಿ ಕೂದಲಿನ ಕುಚ್ಚು ಇರುತ್ತದೆ, ಅದರಿಂದ ಅವು ಇಡೀ ದಿನ ನೆಲವನ್ನು ಗುಡಿಸಿ ತಿನ್ನುತ್ತವೆ. ಪ್ಯಾಲೆಮೊನಿಡೀ ಕುಟುಂಬದವಕ್ಕೆ ಕುಚ್ಚಿಲ್ಲ, ಎರಡನೆಯ ಜೊತೆ ಕಾಲು ಉದ್ದವಾಗಿ ಕೈಯ ಹಾಗೆ ಮುಂದೆ ಚಾಚಿರುತ್ತದೆ. ಫೋಟೊದಲ್ಲಿ ತಲೆಯ ಮುಂದೆ ಚಾಚಿರುವುದು ಅಂಥ ಕೈ ಎಂದು ನನ್ನ ವಾದ.

ಮಂಜುನಾಥ (9.10): ಅದು ಕೈಯಲ್ಲ, ಮೀಸೆ. ಕನ್ನಡಕ ಬದಲಿಸು ಮಾರಾಯ್ತಿ.

ಶಶಿಕಲಾ (9.14): ಮೀಸೆಗೆ ಗಂಟು ಇರುತ್ತದೆಯೇ ಮಂಜು? ಫೋಟೊ ಹಿಗ್ಗಿಸಿ ನೋಡು, ಮಧ್ಯದಲ್ಲಿ ಮಡಿಕೆಯೂ ತುದಿಯಲ್ಲಿ ಕವಲೂ ಕಾಣುತ್ತವೆ. ನಾಲ್ಕು ಚೆರ್ರಿಗಳು ಎಲ್ಲಿ ಹೋದವು ಎಂಬುದಕ್ಕೂ ಅದೇ ಉತ್ತರವಿರಬಹುದು. ಪೊರೆ ಕಳಚಿದ ಹೊತ್ತಿನಲ್ಲಿ ಮೆತ್ತಗಿರುವ ಸಣ್ಣ ಸಿಗಡಿಯನ್ನು ಹಿಡಿಯಲು ಅಂಥ ಕೈಗಳು ಸಾಕು.

ಬಸವರಾಜ (9.16): ಒಗ್ಗರಣೆಗೆ ಹಾಕಿ ನೋಡಿದರೆ ಜಾತಿ ತಾನೇ ತಿಳಿಯುತ್ತದೆ.

ಶಶಿಕಲಾ (9.19): ಬಸಣ್ಣ, ನಮ್ಮ ಮಾರುಕಟ್ಟೆಗೆ ‘ಸ್ಕ್ಯಾಂಪಿ’ ಎಂದು ಬರುವ ಮ್ಯಾಕ್ರೊಬ್ರಾಕಿಯಂ ರೋಸನ್‌ಬರ್ಗೀ, ಮೂವತ್ತು ಸೆಂಟಿಮೀಟರ್‌ವರೆಗೆ ಬೆಳೆಯುವ ಆ ಸಿಹಿನೀರಿನ ಸಿಗಡಿ, ಇದರ ನೆಂಟನೇ ಎಂಬುದು ನನ್ನ ಅನುಮಾನ. ಆದ್ದರಿಂದ ಹಾಸ್ಯವೂ ದಾರಿ ತಪ್ಪಿಲ್ಲ.

ಮಂಜುನಾಥ (9.30): ಹಾಗಿದ್ದರೆ ಅಮೆರಿಕದ ಘೋಸ್ಟ್ ಸಿಗಡಿ ಏಕಾಗಬಾರದು? ಅದೂ ಅದೇ ಕುಟುಂಬದ್ದು, ಅದೂ ಪಾರದರ್ಶಕ.

ಶಶಿಕಲಾ (9.41): ಆಗಬಹುದು. ಘೋಸ್ಟ್ ಎಂಬುದು ವ್ಯಾಪಾರದ ಹೆಸರು. ಅಮೆರಿಕದ ಪ್ಯಾಲೆಮೊನ್ ಪ್ಯಾಲುಡೋಸಸ್‌ಗೂ ಅದೇ ಹೆಸರು, ನಮ್ಮ ದೇಶದ ನದಿ ಕೆರೆಗಳ ಮ್ಯಾಕ್ರೊಬ್ರಾಕಿಯಂ ಲಮಾರ‍್ರೀಗೂ ಅದೇ ಹೆಸರು. ಇವೆರಡನ್ನು ಬೇರ್ಪಡಿಸುವುದು ಬೆನ್ನುಚಿಪ್ಪಿನ ಮೇಲಿನ ಒಂದು ಸಣ್ಣ ಮುಳ್ಳು. ಮ್ಯಾಕ್ರೊಬ್ರಾಕಿಯಂನಲ್ಲಿ ಅದು ಅಂಚಿನಿಂದ ಹಿಂದೆ ಸರಿದು ಇರುತ್ತದೆ, ಅದನ್ನೇ ಹೆಪಾಟಿಕ್ ಮುಳ್ಳು ಎನ್ನುತ್ತಾರೆ. ಪ್ಯಾಲೆಮೊನ್‌ನಲ್ಲಿ ಆ ಮುಳ್ಳಿಲ್ಲ, ಬದಲಿಗೆ ಮುಂದಿನ ಅಂಚಿನ ಬಳಿ ಇನ್ನೊಂದು ಇರುತ್ತದೆ. ಗಾಜಿನಾಚೆಯಿಂದ ತೆಗೆದ ಫೋಟೊದಲ್ಲಿ ಇದು ಕಾಣುವುದಿಲ್ಲ, ಹಾಗೆಂದು ಜೀವಂತ ಪ್ರಾಣಿಯನ್ನು ಸ್ಪಿರಿಟ್ಟಿಗೆ ಹಾಕುವ ಅಗತ್ಯವೂ ಇಲ್ಲ. ರಘು, ಅದು ಕಳಚಿದ ಪೊರೆ ಇದೆಯೇ? ಮೀಸೆಯ ತುದಿಯವರೆಗೂ ಇಡೀ ಆಕಾರ ಆ ಪೊರೆಯಲ್ಲಿ ಅಚ್ಚೊತ್ತಿರುತ್ತದೆ.

ರಘು (9.48): ಮೊನ್ನೆ ಬುಧವಾರ ಒಂದು ಸಿಗಡಿ ಸತ್ತಿದೆ ಎಂದು ತಿಳಿದು ತುಳಸಿ ಕುಂಡಕ್ಕೆ ಹಾಕಿದೆ. ಎಣಿಸಿದರೆ ಮೂರೂ ಬದುಕಿವೆ. ಈಗ ಅರ್ಥವಾಯಿತು.

ವೀಣಾ (9.50): ಟಾರ್ಚ್ ಹಿಡಿದು ಹುಡುಕು. ಸಿಕ್ಕರೆ ನೀರಿನಲ್ಲಿ ನೆನೆಸಿ, ಕಪ್ಪು ಕಾಗದದ ಮೇಲೆ ಹರಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆ.

ರಘು (ಭಾನುವಾರ, ಬೆಳಿಗ್ಗೆ 7.05): ಇರುವೆಗಳು ಬಾಲವನ್ನು ಒಯ್ದಿವೆ, ತಲೆಯ ಭಾಗ ಉಳಿದಿದೆ. ಮಗಳ ಭೂತಗನ್ನಡಿಯನ್ನು ಮೊಬೈಲಿಗೆ ಒತ್ತಿ ಹಿಡಿದು ಆರು ಫೋಟೊ ತೆಗೆದಿದ್ದೇನೆ.

ಶಶಿಕಲಾ (7.40): ನಾಲ್ಕನೆಯ ಫೋಟೊ ಚೆನ್ನಾಗಿದೆ. ಇಕ್ಕುಳದಲ್ಲಿ ಕುಚ್ಚಿಲ್ಲ, ಎರಡನೆಯ ಜೊತೆ ಕಾಲು ಮೊದಲನೆಯದಕ್ಕಿಂತ ಬಹಳ ಉದ್ದವಾಗಿದೆ. ಬೆನ್ನುಚಿಪ್ಪಿನಲ್ಲಿ ಎರಡು ಮುಳ್ಳುಗಳಿವೆ, ಕೆಳಗಿನದು ಅಂಚಿನಿಂದ ಹಿಂದೆ ಸರಿದಿದೆ. ಇದು ಮ್ಯಾಕ್ರೊಬ್ರಾಕಿಯಂ.

ಮಂಜುನಾಥ (7.52): ಮೀಸೆಯ ಮಾತನ್ನು ಹಿಂತೆಗೆದುಕೊಂಡಿದ್ದೇನೆ. ಆದರೆ ನಮ್ಮ ಹೊಳೆಯ ಸಿಗಡಿ ಎಂದ ನನ್ನ ಮಾತಿನಲ್ಲಿ ಅರ್ಧ ಉಳಿಯಿತು. ಇದು ಲಮಾರ‍್ರೀ ಆಗಿದ್ದರೆ ನಮ್ಮ ದೇಶದ್ದೇ ತಾನೇ?

ಶಶಿಕಲಾ (8.04): ಲಮಾರ‍್ರೀ ಎಂದು ನಾನು ಹೇಳಿಲ್ಲ. ಅದರ ಮೂತಿಯ ಗರಗಸ ಉದ್ದವಾಗಿ ತುದಿಯಲ್ಲಿ ಮೇಲಕ್ಕೆ ಬಾಗಿರುತ್ತದೆ, ರಘುವಿನ ಪೊರೆಯಲ್ಲಿ ಆ ತುದಿಯೇ ಮುರಿದಿದೆ. ಹಲ್ಲುಗಳನ್ನು ಎಣಿಸದೆ, ಕೈಯ ಒಂದೊಂದು ಗೆಣ್ಣಿನ ಉದ್ದವನ್ನು ಅಳೆಯದೆ ಜಾತಿಯ ಹೆಸರನ್ನು ಬರೆದರೆ ಅಂಗಡಿಯವರಿಗೂ ನಮಗೂ ವ್ಯತ್ಯಾಸವೇನು? ಮುಂದಿನ ಪೊರೆಯನ್ನು ತುಳಸಿಗೆ ಹಾಕದೆ ಇಟ್ಟುಕೊಂಡರೆ ಸಾಕು.

ರಘು (8.15): ಅಲ್ಲಿಯವರೆಗೆ ಇವನ್ನು ಏನು ಮಾಡಲಿ? ಮನೆಯ ಹತ್ತಿರದ ಕೆರೆಗೆ ಬಿಡೋಣವೆಂದು ಮನೆಯವಳು ಹೇಳುತ್ತಿದ್ದಾಳೆ.

ವೀಣಾ (8.21): ದಯವಿಟ್ಟು ಬಿಡಬೇಡ. ಜರ್ಮನಿಯ ಗಿಲ್‌ಬಾಖ್ ಎಂಬ ಹಳ್ಳಕ್ಕೆ ವಿದ್ಯುತ್ ಸ್ಥಾವರದ ಬಿಸಿನೀರು ಸೇರುತ್ತದೆ. ಅಷ್ಟು ಚಳಿಯ ನಾಡಿನಲ್ಲೂ ಆ ಬೆಚ್ಚಗಿನ ನೀರಿನಲ್ಲಿ ಇದೇ ಚೆರ್ರಿ ಜಾತಿ ನೆಲೆಯೂರಿ ಮರಿ ಮಾಡುತ್ತಿದೆ. ನಮ್ಮ ಕೆರೆಗಳಿಗೆ ಬಿಸಿನೀರನ್ನು ಯಾರೂ ಸುರಿಯಬೇಕಾಗಿಯೂ ಇಲ್ಲ.

ಮಂಜುನಾಥ (8.26): ನಮ್ಮ ದೇಶದ್ದಾದರೆ ಬಿಟ್ಟರೇನು ತಪ್ಪು ಎಂದು ಕೇಳಲಿದ್ದೆ.

ಶಶಿಕಲಾ (8.30): ನಮ್ಮ ದೇಶದ್ದೇ ಎಂದು ಇನ್ನೂ ಗೊತ್ತಾಗಿಲ್ಲ ಮಂಜು. ಗೊತ್ತಾದರೂ ಯಾವ ಊರಿನ ನೀರಿನದು, ಯಾವ ರೋಗ ಹೊತ್ತು ಬಂದಿದೆ ಎಂದು ಯಾರಿಗೆ ಗೊತ್ತು? ರಘು, ಸಣ್ಣ ಟಬ್ಬೊಂದಕ್ಕೆ ಗಾಳಿಯ ಪಂಪು ಜೋಡಿಸಿ ಮೂರನ್ನೂ ಅದರಲ್ಲಿಡು, ಅಡಗಲು ಮಣ್ಣಿನ ಕೊಳವೆಯ ತುಂಡುಗಳನ್ನು ಹಾಕು, ಬಾಯಿಗೆ ಜಾಳಿಗೆ ಕಟ್ಟು. ಇವು ಹಾರುತ್ತವೆ.

ರಘು (8.33): ಟಬ್ಬು ಸಿದ್ಧವಾಗಿದೆ. ಆದರೆ ಎರಡು ಮಾತ್ರ ಸಿಕ್ಕಿವೆ, ಮೂರನೆಯದು ಪಾಚಿಯೊಳಗೆ ಎಲ್ಲೋ ಅಡಗಿದೆ. ಮಗಳು ಚೆರ್ರಿಗಳನ್ನು ಮತ್ತೆ ಎಣಿಸುತ್ತಿದ್ದಾಳೆ.