ಲಾ ಫೆನೀಚೆಯಲ್ಲಿ ಹಾಸ್ಯ ಆಪೆರಾ: ಎಲ್ಲಿ ಕೂರಬೇಕು, ಭಾಷೆ ಬಾರದೆ ನಗಬಹುದೇ?

ಪ್ರಶ್ನೆ

ನಮಸ್ಕಾರ. ನಾನು ಮತ್ತು ನನ್ನ ತಾಯಿ ವೆನಿಸ್‌ನಲ್ಲಿ ಇರುವ ದಿನಗಳಲ್ಲೇ ಅಲ್ಲಿನ ಲಾ ಫೆನೀಚೆ ರಂಗಮಂದಿರದಲ್ಲಿ ರೊಸ್ಸೀನಿಯ ‘ಇಲ್ ಬಾರ್ಬಿಯೆರೆ ದಿ ಸಿವಿಲ್ಯಾ’, ಅಂದರೆ ‘ಸೆವಿಲ್‌ನ ಕ್ಷೌರಿಕ’, ನಡೆಯಲಿದೆ. ನಾವಿಬ್ಬರೂ ಇದುವರೆಗೆ ಆಪೆರಾವನ್ನು ಎದುರು ಕೂತು ನೋಡಿದವರಲ್ಲ, ಇಟಾಲಿಯನ್ ಕೂಡ ಬಾರದು. ಟಿಕೆಟ್‌ಗಳಲ್ಲಿ ನೆಲಮಟ್ಟದ ‘ಪ್ಲಾತೆಯಾ’, ಸುತ್ತಲಿನ ಬಾಕ್ಸ್‌ಗಳಾದ ‘ಪಾಲ್ಕೊ’, ಎಲ್ಲಕ್ಕಿಂತ ಮೇಲಿನ ‘ಲೊಜ್ಜೋನೆ’ ಎಂಬ ವಿಭಾಗಗಳಿವೆ. ಬಾಕ್ಸ್‌ನಲ್ಲಿ ಕೂರಬೇಕೆಂಬುದು ತಾಯಿಯವರ ಆಸೆ, ಆದರೆ ಅವರಿಗೆ ಮಂಡಿ ನೋವಿದೆ. ಎಲ್ಲಿ ಕೂತರೆ ಒಳ್ಳೆಯದು? ಅದಕ್ಕಿಂತ ಮುಖ್ಯವಾಗಿ, ಮಾತು ತಿಳಿಯದವರಿಗೆ ಉಳಿದವರ ಜೊತೆ ನಗಲು ಸಾಧ್ಯವೇ?

ಉತ್ತರ 1

ದಯವಿಟ್ಟು ಪ್ಲಾತೆಯಾದಲ್ಲೇ ಕೂರಿ. ಇಟಲಿಯ ಹಳೆಯ ರಂಗಮಂದಿರಗಳು ಕುದುರೆ ಲಾಳದ ಆಕಾರದಲ್ಲಿರುತ್ತವೆ. ಆದ್ದರಿಂದ ಪಕ್ಕದ ಬಾಕ್ಸ್‌ಗಳು ರಂಗಕ್ಕಿಂತ ಹೆಚ್ಚಾಗಿ ಎದುರಿನ ಬಾಕ್ಸ್‌ಗಳನ್ನೇ ನೋಡುತ್ತವೆ, ಕಟ್ಟಿದ ಕಾಲದಲ್ಲಿ ಅಲ್ಲಿಗೆ ಬರುತ್ತಿದ್ದವರಿಗೆ ಬೇಕಾದದ್ದೂ ಬಹುಮಟ್ಟಿಗೆ ಅದೇ ಆಗಿತ್ತು. ಒಂದೇ ಬಾಕ್ಸ್‌ನ ಒಳಗೂ ಮುಂದಿನ ಕುರ್ಚಿಗೂ ಹಿಂದಿನ ಕುರ್ಚಿಗೂ ಅಜಗಜಾಂತರವಿದೆ. ಬೇರೊಂದು ಹಳೆಯ ರಂಗಮಂದಿರದಲ್ಲಿ ನಾನು ಹಿಂದಿನ ಕುರ್ಚಿಯ ಟಿಕೆಟ್ ಕೊಂಡು, ರಂಗದ ಅರ್ಧ ಭಾಗವನ್ನಷ್ಟೇ ಕಂಡೆ. ಉಳಿದರ್ಧದಲ್ಲಿ ಏನೋ ನಡೆದು ಸಭೆಯೆಲ್ಲ ಘೊಳ್ಳೆಂದು ನಕ್ಕಾಗ ನಾನು ಎದ್ದು ನಿಂತು, ಮುಂದಿನವರ ಭುಜದ ಮೇಲಿಂದ ಇಣುಕುವಷ್ಟರಲ್ಲಿ ಆ ಗಳಿಗೆ ಕಳೆದುಹೋಗಿತ್ತು. ದುಃಖದ ಆಪೆರಾವನ್ನು ಕಣ್ಣು ಮುಚ್ಚಿ ಕೇಳಿದರೂ ಅರ್ಧ ಫಲ ಸಿಗುತ್ತದೆ, ಹಾಸ್ಯದ್ದು ಹಾಗಲ್ಲ. ಟಿಕೆಟ್ ಮೇಲೆ ನೋಟ ಸೀಮಿತವೆಂದೋ, ಕೇಳಲು ಮಾತ್ರವೆಂದೋ ಬರೆದಿದ್ದರೆ ಅದನ್ನು ಅಕ್ಷರಶಃ ನಂಬಿ.

ಉತ್ತರ 2

ನಗಲು ಖಂಡಿತ ಸಾಧ್ಯ, ಆದರೆ ಕಥೆಯನ್ನು ಮೊದಲೇ ತಿಳಿದುಕೊಂಡು ಹೋಗಬೇಕು. ರಂಗದ ಮೇಲ್ಭಾಗದಲ್ಲಿ ಇಟಾಲಿಯನ್ ಮತ್ತು ಇಂಗ್ಲಿಷ್ ಸಾಲುಗಳನ್ನು ತೋರಿಸುತ್ತಾರೆ ನಿಜ, ಆದರೆ ಅವನ್ನೇ ಓದುತ್ತ ಕೂತರೆ ನಟರ ಮುಖ ತಪ್ಪಿಹೋಗುತ್ತದೆ.

ಕಥೆ ಇಷ್ಟೇ. ಮುದುಕ ವೈದ್ಯ ಬಾರ್ತೊಲೊ ತನ್ನ ಆಶ್ರಯದಲ್ಲಿರುವ ರೊಸೀನಾಳನ್ನು ಮನೆಯೊಳಗೇ ಕೂಡಿಟ್ಟು ತಾನೇ ಮದುವೆಯಾಗಲು ಹವಣಿಸುತ್ತಾನೆ. ಅವಳನ್ನು ಪ್ರೀತಿಸುವ ಕೌಂಟ್ ಅಲ್ಮಾವೀವಾ, ಕ್ಷೌರಿಕ ಫಿಗಾರೊನ ನೆರವಿನಿಂದ, ವೇಷ ಬದಲಿಸಿ ಬದಲಿಸಿ ಆ ಮನೆಗೆ ನುಗ್ಗುತ್ತಾನೆ. ಎರಡನೆಯ ಅಂಕದಲ್ಲಿ ಕೌಂಟ್ ಸಂಗೀತ ಮೇಷ್ಟರ ವೇಷದಲ್ಲಿ ಬಂದು, ಎಂದಿನ ಮೇಷ್ಟರು ಬಸೀಲಿಯೊ ಕಾಯಿಲೆ ಮಲಗಿದ್ದಾರೆ ಎಂದು ಹೇಳಿರುತ್ತಾನೆ. ಅಷ್ಟರಲ್ಲಿ ಗಟ್ಟಿಮುಟ್ಟಾಗಿರುವ ಬಸೀಲಿಯೊನೇ ಬಾಗಿಲಲ್ಲಿ ಪ್ರತ್ಯಕ್ಷನಾಗುತ್ತಾನೆ. ಆಗ ಎಲ್ಲರೂ ಅವನನ್ನು ಸುತ್ತುವರಿದು, ನಿಮಗೆ ಜ್ವರ ಬಂದಿದೆ, ಮುಖ ಹೆಣದಂತೆ ಹಳದಿಯಾಗಿದೆ, ಮನೆಗೆ ಹೋಗಿ ಮಲಗಿ ಎನ್ನುತ್ತಾರೆ. ಫಿಗಾರೊ ನಾಡಿ ಹಿಡಿದು ನೋಡುತ್ತಾನೆ. ಕೌಂಟ್ ಮೆಲ್ಲಗೆ ಹಣದ ಚೀಲವೊಂದನ್ನು ಅವನ ಕೈಗೆ ದಾಟಿಸುತ್ತಾನೆ. ಚೀಲದ ತೂಕ ಕೈಗೆ ತಿಳಿದ ಮೇಲೆ ಬಸೀಲಿಯೊನಿಗೆ ಮಲಗುವ ಯೋಚನೆ ಹಿತವೆನಿಸುತ್ತದೆ. ಆಮೇಲೆ ‘ಬುವೊನಾ ಸೆರಾ’, ಅಂದರೆ ಶುಭ ಸಂಜೆ, ಎಂದು ಉಳಿದ ನಾಲ್ವರೂ ಎಷ್ಟು ಸಲ ಬೀಳ್ಕೊಟ್ಟರೂ ಅವನು ಹೊರಡುವುದೇ ಇಲ್ಲ. ಇಲ್ಲಿ ಆ ಕೈಯನ್ನೂ ಚೀಲವನ್ನೂ ನೋಡಿದರೆ ಸಾಕು, ಒಂದಕ್ಷರ ಇಟಾಲಿಯನ್ ಬೇಡ.

ಸಂಗೀತವೇ ನಗಿಸುವ ಜಾಗವೂ ಇದೆ. ಕೊನೆಯಲ್ಲಿ ರೊಸೀನಾ, ಕೌಂಟ್, ಫಿಗಾರೊ ಮೂವರೂ ಸದ್ದಿಲ್ಲದೆ ಬೇಗ ಪಾರಾಗೋಣವೆಂದು ಹಾಡುತ್ತಾರೆ, ಆದರೆ ಹಾಡುವುದರಲ್ಲೇ ಮೈಮರೆತು ನಿಂತಿರುವಾಗ ಅವರು ಇಳಿಯಬೇಕಿದ್ದ ಏಣಿಯೇ ಮಾಯವಾಗಿರುತ್ತದೆ.

ಉತ್ತರ 3

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಈ ಕೃತಿ 1816ರ ಫೆಬ್ರುವರಿ 20ರಂದು ರೋಮ್‌ನ ತೆಯಾತ್ರೊ ಅರ್ಜೆಂತೀನಾದಲ್ಲಿ ಮೊದಲು ಪ್ರದರ್ಶನಗೊಂಡಾಗ ಸಭಿಕರು ಸೀಟಿ ಹಾಕಿ ಕೂಗಾಡಿದ್ದರು, ಏಕೆಂದರೆ ಅದೇ ಕಥೆಯ ಮೇಲೆ ಪೈಸಿಯೆಲ್ಲೊ ರಚಿಸಿದ್ದ ಆಪೆರಾಕ್ಕೆ ಅಭಿಮಾನಿಗಳು ಬಹಳವಿದ್ದರು. ಮರುಪ್ರದರ್ಶನದಲ್ಲೇ ಅದು ಗೆದ್ದಿತು. ರೊಸ್ಸೀನಿಗೆ ಆಗ ಇನ್ನೂ 24 ತುಂಬಿರಲಿಲ್ಲ.

ಲಾ ಫೆನೀಚೆಯ ಬಗ್ಗೆಯೂ ಒಂದು ಮಾತು. 1792ರಲ್ಲಿ ತೆರೆದ ಈ ರಂಗಮಂದಿರ 1836ರಲ್ಲಿ ಸುಟ್ಟುಹೋಗಿ ಮತ್ತೆ ಎದ್ದಿತು. 1996ರ ಜನವರಿ 29ರ ರಾತ್ರಿ ಎರಡನೆಯ ಸಲ ಸುಟ್ಟಾಗ, ಶುಚಿಗೊಳಿಸಲೆಂದು ಪಕ್ಕದ ಕಾಲುವೆಯ ನೀರನ್ನು ಖಾಲಿ ಮಾಡಿದ್ದರಿಂದ ಬೆಂಕಿ ಆರಿಸುವ ದೋಣಿಗಳು ಹತ್ತಿರ ಬರಲಾಗಲಿಲ್ಲ. ನೀವು ಕಾಣಲಿರುವ ಚಿನ್ನದ ಕೆತ್ತನೆಯೆಲ್ಲ, ಹೇಗಿತ್ತೋ ಹಾಗೆ, ಎಲ್ಲಿತ್ತೋ ಅಲ್ಲಿ ಎಂಬ ಸಂಕಲ್ಪದಿಂದ ಮತ್ತೆ ಕಟ್ಟಿ 2003ರಲ್ಲಿ ತೆರೆದದ್ದು. ತಾಯಿಯವರಿಗೆ ಇದನ್ನು ಹೇಳಿ. ನೆಲಮಟ್ಟದಲ್ಲಿ ಕೂತು ತಲೆಯೆತ್ತಿದರೆ ಬಾಕ್ಸ್‌ಗಳ ಸಾಲುಗಳೆಲ್ಲ ಒಟ್ಟಿಗೆ ಕಾಣುತ್ತವೆ, ಬಾಕ್ಸ್‌ನ ಒಳಗಿದ್ದವರಿಗೆ ಆ ನೋಟ ಸಿಗುವುದಿಲ್ಲ.

ವೆನಿಸ್‌ನಲ್ಲಿ ಬಹುತೇಕ ಸೇತುವೆಗಳಿಗೆ ಮೆಟ್ಟಿಲುಗಳಿವೆ. ಆದ್ದರಿಂದ ಸಾಂತಾ ಮರಿಯಾ ದೆಲ್ ಜೀಲ್ಯೊ ನಿಲ್ದಾಣದವರೆಗೆ ದೋಣಿಯಲ್ಲಿ ಬಂದು, ಉಳಿದ ಸ್ವಲ್ಪ ದೂರವನ್ನು ನಿಧಾನವಾಗಿ ನಡೆಯಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಪ್ಲಾತೆಯಾದ ನಡುವಿನ ಸಾಲಿನಲ್ಲಿ ಎರಡು ಟಿಕೆಟ್ ಕಾದಿರಿಸಿದೆ. ನಿನ್ನೆ ರಾತ್ರಿ ತಾಯಿಗೆ ಕಥೆ ಹೇಳಿದೆ. ಫಿಗಾರೊ ನಾಡಿ ಹಿಡಿಯುವಲ್ಲಿಗೆ ಬಂದಾಗಲೇ ಅವರು ನಗಲು ಶುರು ಮಾಡಿದರು. ಒಂದೇ ಸಂದೇಹ ಉಳಿದಿದೆ: ಹಾಡು ಮುಗಿದ ಕೂಡಲೇ ಚಪ್ಪಾಳೆ ತಟ್ಟಬಹುದೇ?

ಉತ್ತರ 2

ತಟ್ಟಲೇಬೇಕು. ಗಾಯಕನಿಗೆ ‘ಬ್ರಾವೊ’, ಗಾಯಕಿಗೆ ‘ಬ್ರಾವಾ’, ಐವರೂ ಸೇರಿ ಹಾಡಿದ್ದಕ್ಕೆ ‘ಬ್ರಾವಿ’.